ಮೃದಂಗಕ್ಕೆ ಮೆತ್ತಿದ ರವೆ

ಇವತ್ತು ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೆ ಸ್ವಲ್ಪ ಬೇಗನೇ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ.

ವೇದಿಕೆಯ ಮೂಲೆಯಲ್ಲಿ ಮೃದಂಗದವರು ಸಣ್ಣ ಡಬ್ಬಿಯಿಂದ ರವೆ ತೆಗೆದು, ನೀರು ಹಾಕಿ ಕಲಸಿ, ಎಡಗಡೆಯ ಚರ್ಮಕ್ಕೆ ಬಿಲ್ಲೆಯ ಹಾಗೆ ಮೆತ್ತಿದರು. ಬಡಿದು ನೋಡಿದರು. ಚೂರು ಕಿತ್ತರು. ಮತ್ತೆ ಬಡಿದರು. ಆಗ ಬಂತು ನೋಡಿ, ಆ ಗುಂ ಅನ್ನೋ ನಾದ!

ಪಕ್ಕದಲ್ಲಿ ಕಣ್ಣರಳಿಸಿ ಕೂತಿದ್ದವನು ಆಮೇಲೆ ರ‍್ಯಾಪ್ ಹಾಡಬೇಕಿದ್ದ ಹುಡುಗ. "ಸರ್, ಇದು ನಮ್ಮ ಬೇಸ್ ಅಲ್ವಾ?" ಅಂದ.

"ಹೌದಪ್ಪ. ಬಾ, ನೀನೂ ಒಂದು ಏಟು ಹಾಕು."

ಈ ಸಲ ಊರಲ್ಲಿ ಎಲ್ಲ ಥರದ ಹಾಡೂ ಕೇಳಿದ್ದಾಯಿತು. ಆಫ್ರಿಕಾದ ಜೆಂಬೆ ಡೋಲು, ಅಮೆರಿಕದ ಕಪ್ಪು ಜನರ ಚರ್ಚ್ ಹಾಡುಗಳಿಂದ ಬೆಳೆದ ಸೋಲ್ ಸಂಗೀತ, ಈಗ ಈ ರ‍್ಯಾಪ್. ಹೊಸಹಳ್ಳಿಯ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳಿ ಬೆಳೆದ ಕಿವಿ ನನ್ನದು. ಗಮಕಕ್ಕೆ ತಾಳದ ಹಂಗಿಲ್ಲ, ರ‍್ಯಾಪ್‌ಗೆ ತಾಳ ಬಿಟ್ಟರೆ ಗತಿಯಿಲ್ಲ. ಆದರೂ ಎರಡರಲ್ಲೂ ಮಾತೇ ಮುಂದೆ, ಅಲ್ವಾ? ಒಂದು ಪದವೂ ಕಿವಿ ತಪ್ಪಬಾರದು. ಆ ಹುಡುಗ ಹಾಡುವಾಗ ಒಂದೂ ತಪ್ಪಲಿಲ್ಲ. ಖುಷಿಯಾಯಿತು.

ಎಲ್ಲ ಮುಗಿದ ಮೇಲೆ ಮೃದಂಗದವರು ಒಣಗಿದ ರವೆ ಕೆರೆಯುತ್ತಿದ್ದರು. ಹುಡುಗ ಮೃದಂಗ ಅಲುಗದ ಹಾಗೆ ಹಿಡಿದುಕೊಂಡಿದ್ದ.