ರಿಯರ್ ವೀಲ್ ಡ್ರೈವ್ ಕಾರಿನಲ್ಲಿ ಆ ಹಳದಿ ದೀಪ ಮಿನುಗಿದರೆ

ರಿಯರ್ ವೀಲ್ ಡ್ರೈವ್ ಕಾರು ಓಡಿಸುವವರಿಂದ ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಕಾರು ಜಾರಿದಾಗ ತಾನೇ ಬ್ರೇಕ್ ಹಾಕಿ ದಾರಿಗೆ ತರುವ ವ್ಯವಸ್ಥೆ) ಬಗ್ಗೆ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಡ್ಯಾಶ್‌ಬೋರ್ಡಿನ ಆ ಹಳದಿ ದೀಪ ಇದರದೇ. ‘ಮಳೆಯಲ್ಲಿ ತಿರುವು ಮುಗಿಯುವ ಹೊತ್ತಿಗೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಎಳೆಯೋದೇ ಇಲ್ಲ’ ಅನ್ನೋದು ಒಂದು. ‘ಇಎಸ್‌ಸಿ ಇದೆಯಲ್ಲ, ಹಿಂದೆ ಜಾರಿದರೆ ಅದೇ ನೋಡ್ಕೊಳ್ಳುತ್ತೆ’ ಅನ್ನೋದು ಇನ್ನೊಂದು. ಮೊದಲಿನವರು ಸ್ವಿಚ್ ಆಫ್ ಮಾಡುತ್ತಾರೆ, ಎರಡನೆಯವರು ಸವೆದ ಟೈರಿನಲ್ಲೇ ಓಡಿಸುತ್ತಾರೆ. ಇಬ್ಬರೂ ಮರೆತಿರುವುದು ಹಿಂದಿನ ಎರಡು ಟೈರುಗಳನ್ನು.

ಟೈರಿನ ಹಿಡಿತ ಒಂದೇ ಗಂಟು. ಗಾಡಿಯನ್ನು ಮುಂದಕ್ಕೆ ತಳ್ಳುವುದಕ್ಕೂ ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೂ ಆ ಗಂಟಿನಿಂದಲೇ ತೆಗೆದು ಖರ್ಚು ಮಾಡಬೇಕು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗಂಟು ಖಾಲಿಯಾದರೆ ಮೂತಿ ತಿರುವಿನಿಂದ ಹೊರಕ್ಕೆ ಹೋಗುತ್ತದೆ; ಕಾಲು ಎತ್ತಿದರೆ ಬಹುತೇಕ ವಾಪಸ್ ಬರುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಹಾಗಲ್ಲ. ಹಿಂಬದಿ ಹೊರಕ್ಕೆ ಜಾರಿ ಕಾರು ತನ್ನ ಸುತ್ತಲೇ ತಿರುಗಲು ಹೊರಡುತ್ತದೆ. ಆಗ ಗಾಬರಿಯಿಂದ ಕಾಲನ್ನು ಪಟ್ಟನೆ ಎತ್ತಿದರೆ ಭಾರ ಮುಂದಕ್ಕೆ ವಾಲಿ ಹಿಂದಿನ ಟೈರು ಇನ್ನಷ್ಟು ಹಗುರಾಗುತ್ತದೆ, ಮೇಲಿಂದ ಎಂಜಿನ್ ಬ್ರೇಕಿಂಗ್ (ಕಾಲು ಎತ್ತಿದಾಗ ಎಂಜಿನ್ನೇ ಚಕ್ರವನ್ನು ತಡೆಯುವುದು) ಕೂಡ ಅದೇ ಟೈರಿನ ಮೇಲೆ ಬೀಳುತ್ತದೆ.

1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್-ಬೆಂಝ್ ಇಎಸ್‌ಸಿಯನ್ನು ಮೊದಲು ಎಸ್ 600 ಕೂಪೆಯಲ್ಲಿ ಕೊಟ್ಟವು, ಅದೂ ಹಿಂದಿನ ಚಕ್ರದ ಕಾರೇ. ಕೆಲಸದ ರೀತಿ ಇಂದಿಗೂ ಮೂಲತಃ ಅದೇ. ಸ್ಟೇರಿಂಗ್ ಆಂಗಲ್ ಸೆನ್ಸರ್ ನೀವು ಎಲ್ಲಿಗೆ ಹೋಗಬೇಕೆಂದಿದ್ದೀರಿ ಎಂದು ಹೇಳುತ್ತದೆ. ‘ಯಾ ರೇಟ್’ (yaw rate) ಸೆನ್ಸರ್ ಕಾರು ನಿಜಕ್ಕೂ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಹೇಳುತ್ತದೆ. ಸೆಕೆಂಡಿಗೆ ಸುಮಾರು 25 ಸಲ ಇವೆರಡನ್ನೂ ತಾಳೆ ನೋಡಿ, ಹೊಂದದಿದ್ದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಎಡ ತಿರುವಿನಲ್ಲಿ ಹಿಂಬದಿ ಬಲಕ್ಕೆ ಜಾರಿತು ಅನ್ನಿ: ಮುಂದಿನ ಬಲ ಚಕ್ರ ಹಿಡಿಯುತ್ತದೆ, ಕಾರು ಅದರ ಸುತ್ತ ಬಲಕ್ಕೆ ಎಳೆದು ನೇರವಾಗುತ್ತದೆ. ಮೂತಿಯೇ ಹೊರಗೆ ಹೋಗುತ್ತಿದ್ದರೆ ಹಿಂದಿನ ಎಡ ಚಕ್ರ. ಜೊತೆಗೆ ಎಂಜಿನ್ ಶಕ್ತಿಯೂ ಕಡಿತ. ಬಾನೆಟ್ ಕಡೆಯಿಂದ ಬರುವ ಗರ್‌ಗರ್ ಸದ್ದು ಪಂಪಿನದು, ಏನೂ ಕೆಟ್ಟಿಲ್ಲ.

ಸ್ಟೇರಿಂಗ್ ನಿಮ್ಮ ಉದ್ದೇಶವನ್ನು ಹೇಳುವ ಸಾಧನ ಅನ್ನುವುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಹಿಂದೆ ಜಾರಿದಾಗ ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ, ಕೈ ಆ ಕಡೆಗೇ ತಿರುಗಲಿ. ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಪೂರ್ತಿ ಬಿಡಬೇಡಿ. ಎದುರಿಗೆ ಏನಾದರೂ ಅಡ್ಡ ಇದ್ದರೆ ಮಾತ್ರ ಬ್ರೇಕ್, ಆಗ ಅರೆಮನಸ್ಸು ಬೇಡ, ಜೋರಾಗಿಯೇ ಒತ್ತಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡುವ ವ್ಯವಸ್ಥೆ) ಮತ್ತು ಇಎಸ್‌ಸಿ ಸೇರಿ ಇರುವ ಹಿಡಿತವನ್ನು ಹಂಚಿಕೊಳ್ಳುತ್ತವೆ. ಹೆಚ್ಚು ಜನ ಎಡವುವುದು ಇದರ ನಂತರದ ಅರ್ಧ ಸೆಕೆಂಡಿನಲ್ಲಿ. ಹಿಂಬದಿ ವಾಪಸ್ ಬರುತ್ತಿದೆ, ಟೈರಿಗೆ ಹಿಡಿತ ಸಿಕ್ಕಿದೆ, ಆದರೆ ಕೈ ಇನ್ನೂ ಎದುರು ದಿಕ್ಕಿಗೇ ತಿರುಗಿಕೊಂಡಿದೆ. ಕಾರು ಲೋಲಕದ ಹಾಗೆ ಇನ್ನೊಂದು ಕಡೆಗೆ ಹೊಡೆಯುತ್ತದೆ, ಸಾಮಾನ್ಯವಾಗಿ ಮೊದಲಿಗಿಂತ ಜೋರಾಗಿ. ಹಿಂಬದಿ ವಾಪಸ್ ಹೊರಟಿತು ಅಂತ ಬೆನ್ನಿಗೆ ಗೊತ್ತಾದ ಕ್ಷಣವೇ ಸ್ಟೇರಿಂಗ್ ನೇರಕ್ಕೆ ಬರಬೇಕು.

ಗೇರ್ ಇಳಿಸುವಾಗಲೂ ಇದೇ ಅಪಾಯವಿದೆ. ಒದ್ದೆ ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ಪಟ್ಟನೆ ಬಿಟ್ಟರೆ ಹಿಂದಿನ ಚಕ್ರಗಳು ಹ್ಯಾಂಡ್‌ಬ್ರೇಕ್ ಎಳೆದಂತೆ ಜಗ್ಗುತ್ತವೆ. ಹಲವು ಕಾರುಗಳಲ್ಲಿ ಇದನ್ನು ಗುರುತಿಸಿ ಎಂಜಿನ್ ವೇಗವನ್ನು ತಾನೇ ಸ್ವಲ್ಪ ಏರಿಸುವ ಏರ್ಪಾಡಿದೆ. ಅದನ್ನೇ ನಂಬಿ ಕೂರುವುದಕ್ಕಿಂತ ಕ್ಲಚ್ಚನ್ನು ನಿಧಾನ ಬಿಡುವುದು ಮೇಲು.

ಇನ್ನು ಸ್ವಿಚ್. ಬಹಳಷ್ಟು ಕಾರುಗಳಲ್ಲಿ ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ (ತಳ್ಳುವ ಚಕ್ರ ಸುಮ್ಮನೆ ಸುತ್ತಿದರೆ ಎಂಜಿನ್ ಶಕ್ತಿ ಇಳಿಸುವ ಭಾಗ) ಮಾತ್ರ ಸಡಿಲವಾಗುತ್ತದೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ ಇಎಸ್‌ಸಿಯೂ ಹೋಗುತ್ತದೆ. ನಿಮ್ಮ ಕಾರಿನಲ್ಲಿ ಹೇಗೆ ಎಂದು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ, ಊಹಿಸಬೇಡಿ. ಕೆಸರು, ಮರಳು, ಹಿಮದಲ್ಲಿ ಹಿಂದಿನ ಚಕ್ರ ಹೂತಾಗ ಟ್ರ್ಯಾಕ್ಷನ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಚಕ್ರ ಜಾರಿದೊಡನೆ ಎಂಜಿನ್ ಉಸಿರು ಕಟ್ಟುತ್ತದೆ, ಹಿಂದೆ ಮುಂದೆ ಆಡಿಸಿ ಹೊರಬರುವಷ್ಟು ಶಕ್ತಿ ಸಿಗುವುದಿಲ್ಲ. ಹೊರಬಂದ ತಕ್ಷಣ ಮತ್ತೆ ಆನ್. ಮರೆತರೂ ಮುಂದಿನ ಸಲ ಇಗ್ನಿಷನ್ ತಿರುಗಿಸಿದಾಗ ಆನ್ ಆಗಿಯೇ ಶುರುವಾಗಬೇಕೆಂದು ಅಮೆರಿಕದ ನಿಯಮವೇ ಇದೆ. 2011ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಇಎಸ್‌ಸಿ ಕಡ್ಡಾಯ. ಸಾರ್ವಜನಿಕ ರಸ್ತೆಯಲ್ಲಿ ‘ಮಜಾ’ಕ್ಕಾಗಿ ಪೂರ್ತಿ ಆಫ್ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಜಾರುವುದು ಹೇಗಿರುತ್ತದೆ ಎಂದು ಕಲಿಯಬೇಕಾದರೆ ಅನುಮತಿ ಇರುವ, ಕಂಬ ಕಟ್ಟೆಗಳಿಲ್ಲದ, ನೀರು ಹಾಯಿಸಿದ ಬಯಲಿನಲ್ಲಿ 30ರಿಂದ 40 ಕಿ.ಮೀ. ವೇಗ ಸಾಕು.

ಮಿತಿ ಎಲ್ಲಿದೆ ಅನ್ನುವುದನ್ನು ಲೆಕ್ಕವೇ ಹೇಳುತ್ತದೆ. 100 ಮೀಟರ್ ತ್ರಿಜ್ಯದ ತಿರುವನ್ನು 60 ಕಿ.ಮೀ.ಯಲ್ಲಿ ದಾಟಲು ಟೈರುಗಳಿಂದ ಸುಮಾರು 0.28 ಜಿ, ಅಂದರೆ ಕಾರಿನ ತೂಕದ 0.28 ಪಾಲಿನಷ್ಟು ಪಕ್ಕದ ಹಿಡಿತ ಬೇಕು. 80ಕ್ಕೆ 0.5, 90ಕ್ಕೆ 0.64. ಒದ್ದೆ ರಸ್ತೆಯಲ್ಲಿ ಸವೆದ ಟೈರಿಗೆ 0.5 ಕೊಡುವುದೇ ಕಷ್ಟ. ಇಎಸ್‌ಸಿ ಇರುವ ಹಿಡಿತವನ್ನು ನಾಲ್ಕು ಚಕ್ರಕ್ಕೆ ಜಾಣತನದಿಂದ ಹಂಚಬಲ್ಲದು, ಇಲ್ಲದ್ದನ್ನು ತರಲಾರದು. ನಿಂತ ನೀರಿನ ಮೇಲೆ ಟೈರು ತೇಲಿದರೆ ಬ್ರೇಕ್ ಹಾಕಿಯೂ ಉಪಯೋಗವಿಲ್ಲ, ರಸ್ತೆಯೇ ಟೈರಿಗೆ ತಾಗುತ್ತಿಲ್ಲ. ಆದ್ದರಿಂದ ಎರಡೇ ಹೊಸ ಟೈರು ಕೊಳ್ಳುವುದಾದರೆ ಅವು ಹಿಂದಕ್ಕೆ ಹೋಗಬೇಕು.

ಆದರೆ ಅಳತೆಯ ಕಡೆ ಗಮನವಿರಲಿ. 8 ಮಿ.ಮೀ. ಟ್ರೆಡ್ಡಿನ ಹೊಸ ಟೈರಿಗೂ 2 ಮಿ.ಮೀ. ಉಳಿದ ಹಳೆಯದಕ್ಕೂ ವ್ಯಾಸದಲ್ಲಿ 12 ಮಿ.ಮೀ. ವ್ಯತ್ಯಾಸ. 640 ಮಿ.ಮೀ. ಟೈರಿನಲ್ಲಿ ಅದು ಹೆಚ್ಚುಕಡಿಮೆ 2 ಶೇಕಡಾ. ಹಿಂದಿನವು ಸವೆದು ಸಣ್ಣದಾಗಿದ್ದರೆ ನೇರ ರಸ್ತೆಯಲ್ಲೂ ಅವು ಮುಂದಿನವುಗಳಿಗಿಂತ ಬೇಗ ಸುತ್ತುತ್ತಲೇ ಇರುತ್ತವೆ. ಕಂಟ್ರೋಲ್ ಯೂನಿಟ್ಟಿಗೆ ಅದು ಸಣ್ಣ ಜಾರಿಕೆಯಂತೆಯೇ ಕಾಣುತ್ತದೆ. ಒಂದೇ ಆಕ್ಸಲ್ಲಿನ ಎಡಬಲ ಟೈರು ಬೇರೆಬೇರೆಯಾದರೆ ಇನ್ನೂ ಕೆಟ್ಟದ್ದು.

ದೀಪ ಮಿನುಗಿದರೆ ಕೆಲಸ ಮಾಡುತ್ತಿದೆ, ಒಂದೇ ಸಮ ಉರಿದರೆ ದೋಷ. ಇವೆರಡರ ನಡುವೆ ಒಂದು ಸಂದರ್ಭ ಮೆಕ್ಯಾನಿಕ್‌ಗಳನ್ನೂ ಸುತ್ತಾಡಿಸುತ್ತದೆ: ಒಣ ರಸ್ತೆ, ಸಾಧಾರಣ ವೇಗ, ಒಂದೇ ದಿಕ್ಕಿನ ತಿರುವಿನಲ್ಲಿ ಮಾತ್ರ ದೀಪ ಮಿನುಗಿ ಬ್ರೇಕ್ ಹಿಡಿಯುತ್ತದೆ. ಇತ್ತೀಚೆಗೆ ಅಲೈನ್‌ಮೆಂಟ್ ಅಥವಾ ಟೈರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಕೆಲಸ ಆಗಿದೆಯೇ ಎಂದು ಮೊದಲು ಕೇಳಿ. ಸ್ಟೇರಿಂಗ್ ಆಂಗಲ್ ಸೆನ್ಸರಿನ ಸೊನ್ನೆ, ಅಂದರೆ ಸ್ಟೇರಿಂಗ್ ನೇರ ಇದೆ ಎಂದು ಅದು ತಿಳಿಯುವ ಜಾಗ, ಪಕ್ಕಕ್ಕೆ ಸರಿದಿರುವ ಸಾಧ್ಯತೆಯೇ ಹೆಚ್ಚು. ಕ್ರಮ ಹೀಗೆ: ಗಾಳಿ ಸರಿಮಾಡಿ, ಅಲೈನ್‌ಮೆಂಟ್ ಮುಗಿಸಿ, ಸಮತಟ್ಟು ನೆಲದಲ್ಲಿ ಚಕ್ರ ನೇರ ಮಾಡಿ, ಆಮೇಲೆ ಸ್ಕ್ಯಾನರಿನಿಂದ ಸೊನ್ನೆ ಕೂರಿಸಿ. ಮೊದಲು ಸೊನ್ನೆ, ಆಮೇಲೆ ಅಲೈನ್‌ಮೆಂಟ್ ಮಾಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬ್ಯಾಟರಿ ಬಿಚ್ಚಿ ಹಾಕಿದಾಗ ದೀಪ ಬಂದರೆ ಕೆಲವು ಕಾರುಗಳಲ್ಲಿ ಸ್ಟೇರಿಂಗನ್ನು ಎರಡೂ ತುದಿಯವರೆಗೆ ತಿರುಗಿಸಿ ಸ್ವಲ್ಪ ದೂರ ನೇರವಾಗಿ ಓಡಿಸಿದರೆ ಆರುತ್ತದೆ.

ಉಳಿದ ದೋಷಗಳಲ್ಲಿ ಹೆಚ್ಚಿನವು ಚಕ್ರದ ಹತ್ತಿರವೇ ಸಿಗುತ್ತವೆ. ಕಾರು ನಿಲ್ಲುವ ಮುಂಚೆ, ಒಣ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಒತ್ತಿದಾಗಲೂ ಪೆಡಲ್ ಗಡಗಡ ಎಂದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಓದುವ ಹಲ್ಲಿನ ರಿಂಗ್ ಬಿರುಕು ಬಿಟ್ಟಿದೆಯೇ, ತುಕ್ಕು ಹಿಡಿದಿದೆಯೇ ನೋಡಿ. ಹೊಸ ಬೇರಿಂಗ್ ಹಾಕಿದ ಮೇಲೆ ದೀಪ ಬಂತೆಂದರೆ ಬೇರಿಂಗ್ ತಿರುಗುಮುರುಗಾಗಿರಬಹುದು. ಹಲವು ಕಾರುಗಳಲ್ಲಿ ಹಲ್ಲಿನ ರಿಂಗ್ ಇರುವುದಿಲ್ಲ, ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ನೋಡಲು ಎರಡು ಬದಿಯೂ ಒಂದೇ ಥರ. ಒತ್ತಿ ಕೂರಿಸುವ ಮೊದಲು ಸಣ್ಣ ಕಬ್ಬಿಣದ ಪೇಪರ್ ಕ್ಲಿಪ್ಪನ್ನು ಎರಡೂ ಬದಿಗೆ ತಾಗಿಸಿ. ಮೆಲ್ಲಗೆ ಅಂಟಿದ ಬದಿಯೇ ಸೆನ್ಸರಿನ ಕಡೆಗೆ ಬರಬೇಕು.