ರೋಗಿ ಕಡೆಯವರಿಗೆ ಒಂದು ಸ್ಟೂಲು

ನರ್ಸಿಂಗ್ ಕಾಲೇಜಿನ ಸಿಮ್ಯುಲೇಶನ್ ಲ್ಯಾಬ್, ಅಂದರೆ ರೋಗಿಯ ಬದಲು ಗೊಂಬೆ ಮಲಗಿಸಿ ಕಲಿಸುವ ಕೋಣೆಯ ನಕ್ಷೆ ಹರಡಿಕೊಂಡು ಇವತ್ತು ಮಧ್ಯಾಹ್ನವೆಲ್ಲ ಕೂತಿದ್ದೆವು. ಮಂಚ, ಮಾನಿಟರ್, ಆಕ್ಸಿಜನ್ ಪಾಯಿಂಟ್. ಗಾಜಿನ ಆಚೆ ಮೇಡಂ ಕೂತು ಗೊಂಬೆಯ ಬಿಪಿ ಏರಿಸಿ ಇಳಿಸುವ ಕಂಟ್ರೋಲ್ ರೂಮು.

ಹಿರಿಯ ಸಿಸ್ಟರ್ ಒಬ್ಬರು ಪೆನ್ಸಿಲ್ ತಗೊಂಡರು. ಗೋಡೆಗೆ ಅಂಟಿದ್ದ ಮಂಚವನ್ನು ಮುಂದಕ್ಕೆ ಎಳೆದರು. "ಅಂಬು ಬ್ಯಾಗ್ ಒತ್ತೋರು ತಲೆ ಹತ್ರ ನಿಲ್ಲೋದು ಬೇಡ್ವಾ ಸರ್?" ರೋಗಿಗೆ ಉಸಿರು ಕೊಡಲು ಕೈಯಲ್ಲಿ ಒತ್ತುವ ಚೀಲ ಅದು.

ಆಮೇಲೆ ಮಂಚದ ಪಕ್ಕ ಒಂದು ಪುಟ್ಟ ಚೌಕ ಬರೆದರು. ಸ್ಟೂಲಂತೆ. ರೋಗಿ ಕಡೆಯವರಿಗೆ.

ಹೌದಲ್ವಾ! ನಮ್ಮ ವಾರ್ಡುಗಳಲ್ಲಿ ರೋಗಿ ಒಬ್ಬನೇ ಇದ್ದದ್ದನ್ನು ಯಾರಾದರೂ ನೋಡಿದ್ದೀರಾ?

ಹೃದಯ ನಿಂತಾಗ ಮಾಡುವ ಸಿಪಿಆರ್ ಕಲಿಯಲು ಗೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. 5 ಸೆಂಟಿಮೀಟರ್ ಇಳಿಯದಿದ್ದರೆ ಸ್ಕ್ರೀನಲ್ಲಿ ತಕ್ಷಣ ಗೊತ್ತಾಗುತ್ತೆ. ಆದರೆ ಗೊಂಬೆ "ಸಿಸ್ಟರ್, ಡ್ರಿಪ್ ಖಾಲಿ ಆಯ್ತು" ಅಂತ ಹಿಂದೆ ಬೀಳಲ್ಲ. ಸೂಜಿ ಹಾಕುವಾಗ "ನಿಧಾನ ಕಣಮ್ಮಾ" ಅಂತ ಕೈ ಹಿಡಿಯಲ್ಲ. ಮೊದಲ ಸಲ ವಾರ್ಡಿಗೆ ಹೋದ ಹುಡುಗಿಯರು ಬೆವರುವುದು ಜಾಸ್ತಿ ಇಂಥ ಮಾತಿಗೇ.

ಗೊಂಬೆಗೆ ಬಜೆಟ್ಟಲ್ಲಿ ಲಕ್ಷಗಟ್ಟಲೆ ಇದೆ. ಸ್ಟೂಲಿನ ಮೇಲೆ ಕೂರೋಕೆ ಹಾಸ್ಟೆಲ್ ಅಡುಗೆ ಅಕ್ಕನನ್ನೇ ಕರೆಯೋಣ, ಜಗಳ ಚೆನ್ನಾಗಿ ಆಡ್ತಾರೆ ಅಂತಿದ್ದಾರೆ ಸಿಸ್ಟರ್. ನಾನಂತೂ ಸೈ ಅಂದೆ.