ಕಚ್ಚಿ ಬಿಟ್ಟಾಗ ಚುಚ್ಚುವ ಹಲ್ಲು

ಅಡಕತ್ತರಿ ಹಿಡಿದವರಿಗೆ ಇದು ಗೊತ್ತೇ ಇದೆ: ಅಡಿಕೆ ತುದಿಯಲ್ಲಿದ್ದರೆ ಕತ್ತರಿಸಲು ಕಷ್ಟ, ಕೀಲಿನ ಹತ್ತಿರ ತಂದರೆ ಸಲೀಸು. ನಮ್ಮ ದವಡೆಯ ಕೀಲು ಇರುವುದು ಕಿವಿಯ ಮುಂದೆ. ಅದಕ್ಕೇ ಹಿಂದಿನ ದವಡೆಹಲ್ಲುಗಳ ಮೇಲೆ ಒತ್ತಡ ಹೆಚ್ಚು; ಬಲವಾಗಿ ಕಚ್ಚಿದರೆ 50-60 ಕಿಲೋ ಭಾರದಷ್ಟು. ಸಿರಸಿ ಕಡೆ ಕವಳದ (ಎಲೆ-ಅಡಿಕೆಯ) ಚಾಲಿ, ಅಂದರೆ ಒಣಗಿಸಿದ ಅಡಿಕೆಯ ಹೋಳು ಅರೆಯುವುದೂ ಅಲ್ಲೇ, ಕಾರವಾರ-ಕುಮಟಾದಲ್ಲಿ ಬಳಚಿನ ಪದಾರ್ಥದಲ್ಲಿ ಉಳಿದ ಚಿಪ್ಪಿನ ಚೂರು ಸಿಗುವುದೂ ಅಲ್ಲೇ.

ಅನ್ನದಲ್ಲಿನ ಕಲ್ಲು ಇನ್ನೂ ಅಪಾಯಕಾರಿ. ಮೆತ್ತಗಿದೆ ಎಂದುಕೊಂಡು ದವಡೆ ವೇಗವಾಗಿ ಮುಚ್ಚುತ್ತಿರುತ್ತದೆ. ಅಷ್ಟೂ ಬಲ ಸಾಸಿವೆಯಷ್ಟು ಜಾಗದ ಮೇಲೆ ಬೀಳುತ್ತದೆ.

ಹಲ್ಲಿನ ಮೇಲಿನ ಎನಾಮೆಲ್ ತೂಕದಲ್ಲಿ ಸುಮಾರು ಶೇ. 96 ಭಾಗ ಖನಿಜ. ಗಟ್ಟಿ, ಆದರೆ ಗಾಜಿನಂತೆ ಸೀಳುವ ಗುಣ. ಒಳಗಿನ ಡೆಂಟಿನ್‌ನಲ್ಲಿ ಕೊಲಾಜೆನ್ ನಾರು ಇರುವುದರಿಂದ ಅದು ತುಸು ಬಾಗುತ್ತದೆ. ಎನಾಮೆಲ್‌ನ ಸಣ್ಣ ಬಿರುಕುಗಳು ಬಹುಪಾಲು ಇವೆರಡರ ಗಡಿಯಲ್ಲೇ ನಿಲ್ಲುತ್ತವೆ. ವರ್ಷಗಟ್ಟಲೆ ಗಟ್ಟಿ ವಸ್ತು ಜಗಿದರೆ, ನಿದ್ದೆಯಲ್ಲಿ ಹಲ್ಲು ಕಡಿದರೆ ಬಿರುಕು ಆ ಗಡಿ ದಾಟಬಹುದು. ಮೂಳೆಯಂತೆ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ನಾಶವಾಗಿರುತ್ತವೆ.

ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು ತುಂಬಿಸುವ ಚಿಕಿತ್ಸೆ) ಆದ ಹಲ್ಲು "ಒಣಗಿ" ಒಡೆಯುತ್ತದೆ ಎಂಬ ಮಾತು ನಮ್ಮಲ್ಲಿ ಬಹಳ ಇದೆ. ಇದು ಸರಿಯಲ್ಲ. ತೇವಾಂಶದ ವ್ಯತ್ಯಾಸ ಅತ್ಯಲ್ಪ. ನಿಜವಾದ ಕಾರಣ ಹಲ್ಲಿನ ಗೋಡೆಗಳ ನಷ್ಟ. ಕಿತ್ತ ಹಲ್ಲುಗಳ ಮೇಲೆ 1989ರಲ್ಲಿ ನಡೆದ ಪ್ರಯೋಗದಲ್ಲಿ ರೂಟ್ ಕೆನಾಲ್‌ಗೆಂದು ಕೊರೆದ ರಂಧ್ರವೊಂದರಿಂದಲೇ ಹಲ್ಲಿನ ಬಿಗಿತ ಕುಗ್ಗಿದ್ದು ಶೇ. 5ರಷ್ಟು ಮಾತ್ರ. ಹಿಂದು-ಮುಂದಿನ ಎರಡೂ ಅಂಚು ಹೋದಾಗ ಶೇ. 63. ಹುಳುಕು ಆ ಅಂಚುಗಳನ್ನು ತಿಂದಿದ್ದರೆ, ನೋವು ಹೋಯಿತೆಂದು ಕ್ಯಾಪ್ ಹಾಕಿಸದೆ ಬಿಡುವುದು ದೊಡ್ಡ ತಪ್ಪು. ಎದುರು ಹಲ್ಲಿನ ಮೊನೆ ಆ ಹೊಂಡಕ್ಕೆ ಕೂತು, ಸೌದೆಗೆ ಹೊಡೆದ ಬೆಣೆಯಂತೆ ಗೋಡೆಗಳನ್ನು ಅಗಲಿಸುತ್ತದೆ. ಸೀಳು ಬೇರಿನುದ್ದಕ್ಕೂ ಇಳಿದರೆ ಕೀಳಿಸದೆ ಗತಿಯಿಲ್ಲ.

ನರ ತೆಗೆಯದ, ಜೀವಂತ ಹಲ್ಲು ಬಿರುಕು ಬಿಟ್ಟರೆ ಸಾಮಾನ್ಯ ಗುರುತು ಇದು: ಕಚ್ಚಿ ಬಿಡುವ ಕ್ಷಣದಲ್ಲಿ ಮಿಂಚಿನಂಥ ನೋವು, ತಣ್ಣೀರಿಗೆ ಝುಮ್ಮೆನ್ನುವುದು. ಒತ್ತಿದಾಗ ತೆರೆದ ಬಿರುಕು ಬಿಟ್ಟಾಗ ಮುಚ್ಚಿ, ಡೆಂಟಿನ್‌ನೊಳಗಿನ ಸೂಕ್ಷ್ಮ ಕೊಳವೆಗಳ ದ್ರವ ಸರಕ್ಕನೆ ಚಲಿಸುತ್ತದೆ. ಎಕ್ಸ್‌ರೇಯಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಬಿರುಕು ಹಿಂದು-ಮುಂದಾಗಿ ಸಾಗುವುದರಿಂದ ಕಿರಣ ಅದಕ್ಕೆ ಅಡ್ಡವಾಗಿ ಹಾಯುತ್ತದೆ. "ಎಕ್ಸ್‌ರೇ ಸರಿಯಿದೆ" ಎಂದಷ್ಟಕ್ಕೇ ಸುಮ್ಮನಾಗಬೇಡಿ. ಒಂದೊಂದೇ ಮೊನೆಯ ಮೇಲೆ ಕಡ್ಡಿಯಿಟ್ಟು ಕಚ್ಚಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಬಿರುಕಿದ್ದಲ್ಲಿ ಬೆಳಕು ತಡೆದು ಆಚೆ ಬದಿ ಕಪ್ಪಾಗಿ ಕಾಣುತ್ತದೆ. ಅದೇ ಜಾಗದ ವಸಡಿನಲ್ಲಿ ಮಾತ್ರ ಕಿರಿದಾದ ಆಳ ಸಂದು ಸಿಕ್ಕರೆ ಸೀಳು ಬೇರಿಗಿಳಿದ ಶಂಕೆ.

ಬೇಗ ಗೊತ್ತಾದರೆ ಮೊನೆಗಳನ್ನೆಲ್ಲ ಮುಚ್ಚುವ ಕ್ಯಾಪ್ ಸಾಕಾಗಬಹುದು. ನೋವು ತಾನಾಗಿ ಶುರುವಾಗಿ ರಾತ್ರಿ ನಿದ್ದೆ ಕೆಡಿಸಿದರೆ ಮೊದಲು ರೂಟ್ ಕೆನಾಲ್.

ಕವಳದವರಿಗೆ ಇನ್ನೊಂದು ಕಾಳಜಿಯ ಮಾತು. ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿದರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಹಲ್ಲಿಗೆ ಉಪಕರಣ ತಲುಪಿಸುವುದೇ ಕಷ್ಟವಾಗುತ್ತದೆ. ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹಿಡಿಯದಿದ್ದರೆ, ಹಲ್ಲು ನೋಯುವವರೆಗೆ ಕಾಯದೆ ಈಗಲೇ ತೋರಿಸಿಕೊಳ್ಳಿ.